ಮೀನಿಗೆ ಬೇಕಾದ ನೀರು

ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ಅಕ್ವೇರಿಯಂಗೆ ಹಾಕಬಹುದೇ? ಮನೆಯಲ್ಲಿ ಮೀನು ಸಾಕುವವರು ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಅದರ ಹಿಂದೆ ಇರುವುದು ಪ್ರೀತಿ. ಮಕ್ಕಳಿಗೆ ಕೊಡುವ ನೀರನ್ನೇ ಮೀನಿಗೂ ಕೊಡೋಣ, ಅದೇಕೆ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಇರಬೇಕು ಎಂಬ ಕಾಳಜಿ. ಆದರೂ ಆ ನೀರನ್ನು ಹಾಗೆಯೇ ತೊಟ್ಟಿಗೆ ಸುರಿದರೆ ಮೀನಿಗೆ ಒಳ್ಳೆಯದಾಗುವುದಿಲ್ಲ, ಎಷ್ಟೋ ಸಲ ಕೆಟ್ಟದ್ದೇ ಆಗುತ್ತದೆ.

ನಾವು ನೀರನ್ನು ಲೋಟದಲ್ಲಿ ಕುಡಿದು ಮುಗಿಸುತ್ತೇವೆ. ನಮ್ಮ ಮೈಗೆ ಬೇಕಾದ ಉಪ್ಪು, ಸುಣ್ಣ ಹೆಚ್ಚಾಗಿ ಊಟದಿಂದಲೇ ಬರುತ್ತವೆ. ಮೀನಿನ ಕಥೆ ಬೇರೆ. ಸಿಹಿನೀರಿನ ಮೀನು ನೀರು ಕುಡಿಯುವುದು ತೀರಾ ಕಡಿಮೆ. ಅದರ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಹೆಚ್ಚು ಉಪ್ಪಿರುವುದರಿಂದ ನೀರು ಕಿವಿರಿನ ಮೂಲಕ ತಾನಾಗಿಯೇ ಮೈಯೊಳಗೆ ಇಳಿಯುತ್ತಿರುತ್ತದೆ. ಹಾಗೆ ಇಳಿದ ನೀರನ್ನು ಮೂತ್ರಪಿಂಡಗಳು ಹಗಲೂ ರಾತ್ರಿ ಹೊರಗೆ ಹಾಕಬೇಕು. ಅದರ ಜೊತೆ ಹೊರಟುಹೋಗುವ ಲವಣಗಳನ್ನು ಕಿವಿರಿನ ಜೀವಕೋಶಗಳು ಸುತ್ತಲಿನ ನೀರಿನಿಂದಲೇ ಹೆಕ್ಕಿ ತಂದುಕೊಳ್ಳಬೇಕು. ಲವಣವೇ ಇಲ್ಲದ ನೀರಿನಲ್ಲಿ ಹೆಕ್ಕುವುದು ಎಲ್ಲಿಂದ? ಮೀನು ಆ ಶ್ರಮದಲ್ಲೇ ಸೋಲುತ್ತದೆ. ಹಾಗಾಗಿ ಮೀನಿಗೆ ನೀರು ಶುದ್ಧ ಮಾಡುವುದೆಂದರೆ ಅದರಲ್ಲಿ ಏನಿದೆ ಎಂದು ತಿಳಿದು, ಬೇಡದ್ದನ್ನು ತೆಗೆದು, ಬೇಕಾದ್ದನ್ನು ಉಳಿಸಿ, ವಾರದಿಂದ ವಾರಕ್ಕೆ ಅದು ಒಂದೇ ಹದದಲ್ಲಿರುವಂತೆ ನೋಡಿಕೊಳ್ಳುವ ಕೆಲಸ. ಯಂತ್ರದಿಂದ ಆಗುವುದು ಇದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದಕ್ಕೆ ಮನೆಯವರ ಕೈ ಬೇಕು.

ಮೊದಲು ನಲ್ಲಿಗೆ ಬರುವ ನೀರು ಯಾವುದೆಂದು ತಿಳಿಯಬೇಕು. ಬೆಂಗಳೂರಿನಲ್ಲಂತೂ ಒಂದೇ ಮನೆಗೆ ಮೂರು ಬಗೆಯ ನೀರು ಬರುವುದುಂಟು. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರ್ ಹಾದು, ಹಾದಿಯಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಬಲದಿಂದ ಏರಿ ನಗರ ಮುಟ್ಟುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಯೋಜನೆಯ ಐದನೇ ಹಂತವೊಂದೇ ದಿನಕ್ಕೆ 775 ದಶಲಕ್ಷ ಲೀಟರ್ ನೀರಿನದು. ಈ ನೀರಿನಲ್ಲಿ ಗಡಸುತನ ಕಡಿಮೆ, ಆದರೆ ದಾರಿಯಲ್ಲಿ ರೋಗಾಣು ಸೇರದಂತೆ ಕ್ಲೋರಿನ್ ಹಾಕಿರುತ್ತಾರೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಅದರ ಬದಲು ಕಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆ ನಿಂತು ಕರಗಿಸಿಕೊಂಡ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಇರುತ್ತವೆ. ಹಲವು ಕಡೆ ಚರಂಡಿಯಿಂದಲೋ ಗೊಬ್ಬರದಿಂದಲೋ ಇಳಿದ ನೈಟ್ರೇಟ್ ಕೂಡ ಇರುತ್ತದೆ. ಮೂರನೆಯದು ಟ್ಯಾಂಕರ್ ನೀರು. ಅದು ಯಾವ ಊರಿನ ಯಾವ ಕೊಳವೆಬಾವಿಯದೆಂದು ತಂದವರನ್ನು ಕೇಳಿದರೂ ಖಚಿತ ಉತ್ತರ ಸಿಗುವುದು ಅಪರೂಪ. 2024ರ ಬೇಸಿಗೆಯಲ್ಲಿ ನಗರದ ಹೊರವಲಯದ ಎಷ್ಟೋ ಮನೆಗಳಲ್ಲಿ ವಾರ ವಾರಕ್ಕೂ ನೀರಿನ ಮೂಲ ಬದಲಾಯಿತು. ಮನುಷ್ಯರಿಗೆ ಅದು ದುಡ್ಡಿನ ಕಷ್ಟವಾಗಿತ್ತು. ತೊಟ್ಟಿಯಲ್ಲಿದ್ದ ಮೀನಿಗೆ ಪ್ರತಿ ವಾರವೂ ಹೊಸ ಊರಿಗೆ ಗುಳೆ ಹೋದ ಹಾಗಾಯಿತು.

ನೀರನ್ನು ಅಳೆಯಲು ಜನ ಮೊದಲು ಕೊಳ್ಳುವುದು ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್. ಒಳ್ಳೆಯ ಸಾಧನವೇ, ಆದರೆ ಅದು ಹೇಳುವುದು ಕರಗಿದ ಲವಣಗಳ ಒಟ್ಟು ಮೊತ್ತವನ್ನಷ್ಟೇ. ಅದೂ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ನೋಡಿ ಮಾಡುವ ಅಂದಾಜು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದ ಕಡೆ 2000ದವರೆಗೂ ನಡೆಯುತ್ತದೆ. ಮೀಟರಿನಲ್ಲಿ 300 ಕಂಡಿತು ಎಂದು ನೆಮ್ಮದಿಯಾಗಿ ಕೂರುವಂತಿಲ್ಲ. ಆ 300ರಲ್ಲಿ ಸುಣ್ಣವೆಷ್ಟು, ಅಡುಗೆ ಉಪ್ಪೆಷ್ಟು, ನೈಟ್ರೇಟ್ ಎಷ್ಟು ಎಂಬುದು ಅದಕ್ಕೆ ಗೊತ್ತಿಲ್ಲ. ಮೀನನ್ನು ಗಂಟೆಗಳಲ್ಲಿ ಕೊಲ್ಲಬಲ್ಲಷ್ಟು ಕ್ಲೋರಿನ್ ಅಥವಾ ಅಮೋನಿಯಾ ಇದ್ದರೂ ಆ ಅಂಕಿ ಕಾಣುವಷ್ಟು ಅಲುಗದು. ಹಾಗಾಗಿ ಮೀಟರಿನ ಜೊತೆಗೆ ಪಿಎಚ್, ಗಡಸುತನ, ಕ್ಷಾರತೆ, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳೆಯುವ ಹನಿ ಪರೀಕ್ಷೆಗಳ ಪೆಟ್ಟಿಗೆ ಒಂದಿರಬೇಕು. ಅಕ್ವೇರಿಯಂ ಅಂಗಡಿಗಳಲ್ಲಿ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಬೊಂಬೆ ಎಲ್ಲ ಮೊದಲ ಸಾಲಿನಲ್ಲೇ ಇರುತ್ತವೆ, ಈ ಪೆಟ್ಟಿಗೆಯನ್ನು ಮಾತ್ರ ಕೇಳಿ ತೆಗೆಸಬೇಕಾಗುತ್ತದೆ. ಮೊದಲ ಖರ್ಚು ಅದಕ್ಕೇ ಆಗಬೇಕೆಂದು ನನ್ನ ಆಸೆ.

ನೀರು ಯಾವುದೆಂದು ತಿಳಿದ ಮೇಲೆ ಯಂತ್ರ ಬೇಕೇ ಬೇಡವೇ ಎಂದು ಯೋಚಿಸಬಹುದು. ನನ್ನ ಮಟ್ಟಿಗೆ ಹೇಳುವುದಾದರೆ ಬಹಳಷ್ಟು ಮನೆಗಳಿಗೆ ಅದು ಬೇಡ. ಗಪ್ಪಿ, ಮೋಲಿ, ಸ್ವೋರ್ಡ್‌ಟೇಲ್, ಪ್ಲಾಟಿ ಮೀನುಗಳು ಸುಣ್ಣದಂಶವಿರುವ ನೀರಿನಲ್ಲೇ ಚೆನ್ನಾಗಿರುತ್ತವೆ. ಮೆದು ನೀರಿನಲ್ಲಿ ಮೋಲಿಗಳು ರೆಕ್ಕೆ ಮುದುಡಿಕೊಂಡು ನಿಂತಲ್ಲೇ ಅಲುಗಾಡುತ್ತಿರುತ್ತವೆ. ಆಫ್ರಿಕದ ಮಲಾವಿ, ಟಾಂಗನೀಕ ಸರೋವರಗಳಿಂದ ಬಂದ ಬಣ್ಣಬಣ್ಣದ ಸಿಕ್ಲಿಡ್‌ಗಳಿಗೂ ಗಡಸು, ಕ್ಷಾರೀಯ ನೀರೇ ತವರಿನ ನೀರು. ಗೋಲ್ಡ್‌ಫಿಷ್ ಕೂಡ ಬೋರ್‌ವೆಲ್ ನೀರಿಗೆ ಬೇಗ ಒಗ್ಗುತ್ತದೆ. ಇವನ್ನು ಸಾಕುವವರು ಸಾವಿರಾರು ರೂಪಾಯಿ ಕೊಟ್ಟು ನೀರಿನ ಸುಣ್ಣ ತೆಗೆಸಿ, ಮತ್ತೆ ದುಡ್ಡು ಕೊಟ್ಟು ಪುಡಿಯ ರೂಪದಲ್ಲಿ ಅದನ್ನೇ ಹಾಕುವುದರಲ್ಲಿ ಅರ್ಥವಿಲ್ಲ. ಅಮೆಜಾನ್ ಸೀಮೆಯ ಡಿಸ್ಕಸ್, ಕಾರ್ಡಿನಲ್ ಟೆಟ್ರಾಗಳ ಮಾತು ಬೇರೆ. ಕಾರ್ಡಿನಲ್ ಟೆಟ್ರಾದ ತವರಾದ ರಿಯೋ ನೀಗ್ರೋ ನದಿಯ ನೀರು ಎಲೆಗಳ ರಸದಿಂದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಆದರೆ ಅದರಲ್ಲಿ ಲವಣ ಎಂಬುದು ಹುಡುಕಿದರೂ ಸಿಗದಷ್ಟು ಕಡಿಮೆ. ಕೆಂಪು ಬಿಳಿ ಪಟ್ಟೆಯ ಕ್ರಿಸ್ಟಲ್ ಸಿಗಡಿಗೂ ಮೆದು ನೀರೇ ಆಗಬೇಕು. 800 ಟಿಡಿಎಸ್ ನೀರು ಬರುವ ಮನೆಯಲ್ಲಿ ಇವನ್ನು ಮರಿಮಾಡಿಸಿ ಬೆಳೆಸಬೇಕೆಂದರೆ ಆರ್‌ಒ ಇಲ್ಲದೆ ಆಗದು. ಕಡಲ ಮೀನು, ಹವಳ ಇಡುವವರಿಗಂತೂ ಅದು ಅನಿವಾರ್ಯ. ನೀರು ನೋಡಿ ಮೀನು ಆರಿಸಿದರೆ ಅರ್ಧ ಖರ್ಚು, ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ.

ಯಂತ್ರ ಬೇಡವಾದವರಿಗೂ ಕ್ಲೋರಿನ್ ತಪ್ಪಿದ್ದಲ್ಲ. ಕಾವೇರಿ ನೀರನ್ನು ನಲ್ಲಿಯಿಂದ ನೇರವಾಗಿ ತೊಟ್ಟಿಗೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತವೆ, ಕೆಲವು ಗಾಜಿಗೆ ಮೈ ಉಜ್ಜಿಕೊಂಡು ಓಡಾಡುತ್ತವೆ. ಕಿವಿರಿನ ತೆಳು ಪೊರೆ ಸುಡುತ್ತಿರುವ ಲಕ್ಷಣ ಅದು. ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರು ತುಂಬಿಸಿ ಗಾಳಿಕಲ್ಲು ಹಾಕಿ ಒಂದು ದಿನ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅಷ್ಟು ಸಮಯವಿಲ್ಲದವರು ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಕೊಡುವ ದ್ರಾವಣ ಹಾಕಬಹುದು. ಅದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಕೆಲವೇ ನಿಮಿಷಗಳಲ್ಲಿ ಕ್ಲೋರಿನ್ನನ್ನು ನಿರುಪದ್ರವಿ ಮಾಡುತ್ತದೆ. ಹಾಕಬೇಕಾದ್ದು ಮೀನಿರುವ ತೊಟ್ಟಿಗಲ್ಲ, ಹೊಸ ನೀರಿನ ಬಕೆಟ್ಟಿಗೆ.

ಇನ್ನು ಯಂತ್ರದ ಒಳಗೆ ಇಳಿಯೋಣ. ಉಪ್ಪು ನೀರನ್ನು ಒತ್ತಡ ಹಾಕಿ ಪೊರೆಯೊಂದರ ಮೂಲಕ ಹಾಯಿಸಿ ಸಿಹಿನೀರು ಪಡೆಯಬಹುದೆಂದು ಬಳಕೆಗೆ ಬರುವಂತೆ ತೋರಿಸಿದವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿದ್ದ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್. 1950ರ ದಶಕದ ಕೊನೆಯಲ್ಲಿ ಅವರು ಮಾಡಿದ ಪೊರೆ ಸೆಲ್ಯುಲೋಸ್ ಅಸಿಟೇಟಿನದು. ಅದನ್ನೇ ಆಧರಿಸಿ 1965ರಲ್ಲಿ ಕ್ಯಾಲಿಫೋರ್ನಿಯದ ಕೋಲಿಂಗ ಎಂಬ ಸಣ್ಣ ಊರಿಗೆ ಕುಡಿಯುವ ನೀರು ಕೊಡಲಾಯಿತು. 1970ರ ದಶಕದಲ್ಲಿ ಜಾನ್ ಕ್ಯಾಡಟ್ ಪಾಲಿಅಮೈಡ್‌ನ ಅತಿ ತೆಳುವಾದ ಪೊರೆ ರೂಪಿಸಿದರು. ಇಂದು ಮನೆಗಳ ಯಂತ್ರಗಳಲ್ಲಿರುವುದು ಈ ಜಾತಿಯದು. ಹಳೆಯದಕ್ಕಿಂತ ಹೆಚ್ಚು ಲವಣ ತಡೆಯುತ್ತದೆ, ಹೆಚ್ಚು ನೀರು ಬಿಡುತ್ತದೆ. ಆದರೆ ಸೆಲ್ಯುಲೋಸ್ ಅಸಿಟೇಟ್ ಒಂದಿಷ್ಟು ಕ್ಲೋರಿನ್ ತಾಳಿಕೊಳ್ಳುತ್ತಿತ್ತು, ಪಾಲಿಅಮೈಡ್ ತಾಳುವುದಿಲ್ಲ. ಯಂತ್ರದಲ್ಲಿ ಡಬ್ಬಿಗಳು ಒಂದರ ಹಿಂದೊಂದು ಆ ಕ್ರಮದಲ್ಲೇ ಇರುವುದಕ್ಕೆ ಇದೇ ಕಾರಣ. ಮೊದಲು ಮಣ್ಣು, ತುಕ್ಕು ಹಿಡಿಯುವ 5 ಮೈಕ್ರಾನಿನ ಸೆಡಿಮೆಂಟ್ ಫಿಲ್ಟರ್, ಆಮೇಲೆ ಕ್ಲೋರಿನ್ ಹೀರುವ ಇದ್ದಿಲು, ಅದಾದ ಮೇಲೆಯೇ ಪೊರೆ. ಇದ್ದಿಲಿನ ಶಕ್ತಿ ಮುಗಿದಿದ್ದರೆ ಸದ್ದಿಲ್ಲದೆ ಹಾಳಾಗುವುದು ಅದಕ್ಕಿಂತ ಎಷ್ಟೋ ಪಾಲು ಬೆಲೆಯ ಪೊರೆ.

ನಮ್ಮ ಮನೆಗಳಲ್ಲಿ ಎದುರಾಗುವ ಮೊದಲ ಅಡ್ಡಿ ಒತ್ತಡದ್ದು. ಬೇರೆ ದೇಶಗಳಲ್ಲಿ ಬೀದಿ ಕೊಳವೆಯ ಒತ್ತಡಕ್ಕೇ ಪೊರೆ ಕೆಲಸ ಮಾಡುತ್ತದೆ. ನಮ್ಮಲ್ಲಿ ನೀರು ಸಂಪಿನಿಂದ ತಾರಸಿಗೆ ಏರಿ ಅಲ್ಲಿಂದ ಇಳಿಯುತ್ತದೆ. 10 ಮೀಟರ್ ಎತ್ತರದ ನೀರಿಗೆ ಸಿಗುವುದು ಸುಮಾರು 14 ಪಿಎಸ್‌ಐ ಒತ್ತಡ. ಟ್ಯಾಂಕಿನ ಕೆಳಗಿನ ಮಹಡಿಯಲ್ಲಿ 5 ಪಿಎಸ್‌ಐ ಸಿಕ್ಕರೆ ಹೆಚ್ಚು. ಪೊರೆಗೆ ಬೇಕಾದ್ದು 50, 60. ಆದ್ದರಿಂದ ಬೂಸ್ಟರ್ ಪಂಪ್ ಇಲ್ಲದ ಯಂತ್ರವನ್ನು, ಅಕ್ವೇರಿಯಂಗೆಂದೇ ಹೊರದೇಶದಿಂದ ಬಂದದ್ದಾದರೂ ಸರಿ, ಕೊಳ್ಳಬೇಡಿ. ಅದರ ಜೊತೆ ನೀರಿಲ್ಲದಾಗ ಪಂಪನ್ನು ನಿಲ್ಲಿಸುವ ಸ್ವಿಚ್ಚು, ಡ್ರಮ್ಮು ತುಂಬಿದಾಗ ನಿಲ್ಲಿಸುವ ಫ್ಲೋಟ್ ಇವೆರಡೂ ಇರಲಿ. ರಾತ್ರಿ ಯಂತ್ರ ಹಾಕಿ ಮಲಗಿ ಬೆಳಗ್ಗೆ ಏಳುವಾಗ ಪಡಸಾಲೆಯಲ್ಲಿ ನೀರು ನಿಂತಿರುವುದನ್ನು ಕಂಡ ಮನೆಗಳು ಎಷ್ಟೋ ಇವೆ.

ಯಂತ್ರ ಚಾಲೂ ಮಾಡಿ ಹೊರಬರುವ ನೀರಿನಲ್ಲಿ ಮೀಟರ್ ಹಿಡಿದು ಒಮ್ಮೆ ಗಮನಿಸಿ. ಮೊದಲು ಬರುವ ನೀರಿನಲ್ಲಿ 150 ತೋರಿಸಬಹುದು, ಒಮ್ಮೊಮ್ಮೆ 200. ನೋಡುನೋಡುತ್ತ ಅಂಕಿ ಇಳಿಯುತ್ತದೆ. 110, 80, 60, ಕೊನೆಗೆ 40ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಯಂತ್ರ ನಿಂತಿದ್ದಾಗ ಪೊರೆಯ ಆಚೆ ಬದಿಯ ಲವಣ ನಿಧಾನವಾಗಿ ಈಚೆಗೆ ಜಾರಿ ಬಂದಿರುತ್ತದೆ, ಮೊದಲು ಹೊರಬರುವುದು ಅದು. ಆ ನೀರನ್ನು ಬೇರೆ ಪಾತ್ರೆಗೆ ಹಿಡಿದು, ಅಂಕಿ ಸ್ಥಿರವಾದ ಮೇಲೆ ಡ್ರಮ್ಮಿಗೆ ಬಿಡಬೇಕು. ದಿನಕ್ಕೆ ಹತ್ತು ಸಲ ಎರಡೆರಡು ಲೀಟರ್ ಹಿಡಿಯುವುದಕ್ಕಿಂತ ಒಂದೇ ಸಲ ಹೆಚ್ಚು ಹೊತ್ತು ಓಡಿಸುವುದು ಒಳ್ಳೆಯದು. ಒಳಹೋಗುವ ನೀರು 800, ಹೊರಬರುವುದು 40 ಎಂದಾದರೆ ಪೊರೆ ಶೇ 95ರಷ್ಟು ಲವಣ ತಡೆಯುತ್ತಿದೆ. ತಿಂಗಳಿಗೊಮ್ಮೆ ಈ ಎರಡು ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟರೆ ಪೊರೆ ಬದಲಿಸುವ ಕಾಲವನ್ನು ಮೆಕ್ಯಾನಿಕ್ ಬಂದು ಹೇಳಬೇಕಾಗಿಲ್ಲ.

ಅಡುಗೆಮನೆಯ ಯಂತ್ರಕ್ಕೂ ಅಕ್ವೇರಿಯಂ ಯಂತ್ರಕ್ಕೂ ಪೊರೆಯ ಮಟ್ಟಿಗೆ ವ್ಯತ್ಯಾಸವಿಲ್ಲ. ತೊಡಕಿರುವುದು ಪೊರೆಯ ಆಚೆ. ರುಚಿಗಾಗಿ ಒಂದಿಷ್ಟು ಕಚ್ಚಾ ನೀರನ್ನು ಮತ್ತೆ ಬೆರೆಸುವ ತಿರುಪು ಅಡುಗೆಮನೆಯ ಯಂತ್ರದಲ್ಲಿರುತ್ತದೆ, ಖನಿಜ ಸೇರಿಸುವ ಡಬ್ಬಿಯಿರುತ್ತದೆ. ಈಚೆಗೆ ತಾಮ್ರ ಸೇರಿಸುವ ಯಂತ್ರಗಳೂ ಬಂದಿವೆ. ಮನುಷ್ಯರಿಗೆ ಹಿತವೆನಿಸುವ ಆ ತಾಮ್ರ ಸಿಗಡಿ, ಬಸವನಹುಳುಗಳಿಗೆ ವಿಷ. ಅಕ್ವೇರಿಯಂಗೆ ನೀರು ತೆಗೆಯುವುದಾದರೆ ಪೊರೆ ದಾಟಿದ ತಕ್ಷಣ, ಈ ಡಬ್ಬಿಗಳಿಗೆ ಹೋಗುವ ಮೊದಲೇ, ಟಿ ಆಕಾರದ ಜೋಡಣೆ ಹಾಕಿಸಿ ಬೇರೆ ಕೊಳವೆ ಎಳೆಯಬೇಕು.

ಕಡಲ ತೊಟ್ಟಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪೊರೆ ದಾಟಿದ 40ರ ನೀರನ್ನು ರೆಸಿನ್ ಮಣಿಗಳ ಡಬ್ಬಿಯಲ್ಲಿ ಹಾಯಿಸಿ ಸೊನ್ನೆಗೆ ಇಳಿಸುತ್ತಾರೆ. ಒಂದು ಬಗೆಯ ಮಣಿ ಧನ ಅಯಾನುಗಳನ್ನೂ ಇನ್ನೊಂದು ಬಗೆಯದು ಋಣ ಅಯಾನುಗಳನ್ನೂ ಹಿಡಿದು, ಬದಲಿಗೆ ಹೈಡ್ರೋಜನ್, ಹೈಡ್ರಾಕ್ಸೈಡ್‌ಗಳನ್ನು ಬಿಡುತ್ತವೆ. ಅವೆರಡು ಕೂಡಿದರೆ ನೀರೇ. ಬಣ್ಣ ಬದಲಾಗುವ ರೆಸಿನ್ ಕೊಂಡರೆ ಅದು ಎಷ್ಟರಮಟ್ಟಿಗೆ ಸೋತಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ನೆಲದಾಳದಿಂದ ಆಗಷ್ಟೇ ಮೇಲೆ ಬಂದ ಬೋರ್‌ವೆಲ್ ನೀರಿನಲ್ಲಿ ಇಂಗಾಲಾಮ್ಲ ಹೆಚ್ಚಿರುತ್ತದೆ. ಅನಿಲವಾದ್ದರಿಂದ ಪೊರೆ ಅದನ್ನು ತಡೆಯುವುದಿಲ್ಲ, ರೆಸಿನ್ ಬೇಗ ಸೋಲುತ್ತದೆ. ನೀರನ್ನು ಮೊದಲೇ ಡ್ರಮ್ಮಿನಲ್ಲಿ ತುಂಬಿಸಿ ಗಾಳಿಯಾಡಿಸಿ ಯಂತ್ರಕ್ಕೆ ಬಿಟ್ಟರೆ ರೆಸಿನ್ ಹೆಚ್ಚು ಬಾಳುತ್ತದೆ. ಸಿಹಿನೀರಿನ ತೊಟ್ಟಿಗೆ ರೆಸಿನ್‌ನ ಅಗತ್ಯವನ್ನು ನಾನು ಕಾಣೆ.

ಲವಣ ಖಾಲಿ ಮಾಡಿದ ನೀರಿಗೆ ಬೇಕಾದಷ್ಟನ್ನು ಮತ್ತೆ ತುಂಬುವುದು ನಮ್ಮ ಪಾಲಿನ ಕೆಲಸ. ಆರ್‌ಒ ನೀರಿನಲ್ಲಿ ಸುಣ್ಣದ ಜೊತೆಗೆ ಬೈಕಾರ್ಬನೇಟ್ ಕೂಡ ಹೋಗಿರುತ್ತದೆ. ಪಿಎಚ್ ಏಕಾಏಕಿ ಕುಸಿಯದಂತೆ ಹಿಡಿದು ನಿಲ್ಲಿಸುವುದು ಅದೇ. ಅದಿಲ್ಲದ ತೊಟ್ಟಿಯಲ್ಲಿ ಮೀನಿನ ಹೇಲು, ಉಳಿದ ಆಹಾರ ಕೊಳೆತು ಹುಟ್ಟುವ ಆಮ್ಲಕ್ಕೆ ಎದುರು ನಿಲ್ಲುವವರು ಯಾರೂ ಇಲ್ಲದೆ ಪಿಎಚ್ ಬಿದ್ದುಹೋಗುತ್ತದೆ. ಮನೆಯಲ್ಲಿ ಬೋರ್‌ವೆಲ್ ನೀರು ಇದ್ದರೆ ಖನಿಜದ ಪುಡಿ ಕೊಳ್ಳುವುದೇ ಬೇಡ. ಒಂದು ಪಾಲು 800ರ ನೀರಿಗೆ ನಾಲ್ಕು ಪಾಲು 40ರ ನೀರು ಬೆರೆಸಿದರೆ 200ರ ಹತ್ತಿರ ಬರುತ್ತದೆ, ಹೆಚ್ಚಿನ ಟೆಟ್ರಾಗಳಿಗೆ ಅಷ್ಟು ಸಾಕು. ಶುದ್ಧ ಆರ್‌ಒ ನೀರನ್ನು ಹಾಗೆಯೇ ಹಾಕಬಹುದಾದ ಸಂದರ್ಭವೂ ಒಂದಿದೆ. ತೊಟ್ಟಿಯ ನೀರು ಆವಿಯಾದಾಗ ಹೋಗುವುದು ನೀರು ಮಾತ್ರ, ಲವಣವೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಕೆಳಗಿಳಿದ ಮಟ್ಟವನ್ನು ಪ್ರತಿ ಸಲವೂ ಬೋರ್‌ವೆಲ್ ನೀರಿನಿಂದಲೇ ಸರಿದೂಗಿಸುತ್ತ ಹೋದರೆ, ಕಣ್ಣಿಗೆ ಏನೂ ಕಾಣದೆಯೇ ನೀರು ತಿಂಗಳು ತಿಂಗಳೂ ಗಡಸಾಗುತ್ತದೆ. ಗಾಜಿನ ಅಂಚಿನಲ್ಲಿ ಕಟ್ಟುವ ಬಿಳಿಯ ಗೆರೆ ಅದರ ಗುರುತು.

ವ್ಯರ್ಥವಾಗುವ ನೀರಿನ ಲೆಕ್ಕವನ್ನು ಬಿಟ್ಟು ಈ ಮಾತು ಆಡುವುದು ಸರಿಯಲ್ಲ. ಮನೆಯ ಯಂತ್ರ ಒಂದು ಲೀಟರ್ ಒಳ್ಳೆಯ ನೀರಿಗೆ ಸುಮಾರು ಮೂರು ಲೀಟರ್ ಹೊರಗೆ ಬಿಡುತ್ತದೆ. 100 ಲೀಟರಿನ ತೊಟ್ಟಿಯಲ್ಲಿ ವಾರಕ್ಕೆ ಕಾಲು ಭಾಗ ನೀರು ಬದಲಿಸುವವರಿಗೆ, ಮೇಲೆ ಹೇಳಿದ ಬೆರಕೆಯಂತೆ, 20 ಲೀಟರ್ ಆರ್‌ಒ ನೀರು ಬೇಕು. ಅಂದರೆ ಚರಂಡಿಗೆ 60 ಲೀಟರ್, ವರ್ಷಕ್ಕೆ 3000 ಲೀಟರಿಗೂ ಹೆಚ್ಚು. ಬಿಂದಿಗೆ ಹಿಡಿದು ಸಾಲು ನಿಲ್ಲುವ ಬೀದಿಗಳಿರುವ ಊರಿನಲ್ಲಿ ಅದು ಸಣ್ಣ ಮೊತ್ತವಲ್ಲ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರ್ಕಾರಕ್ಕೆ ಹೇಳಿದ್ದರ ಹಿಂದೆ ಈ ಲೆಕ್ಕವೂ ಇತ್ತು. ಕಾವೇರಿ ನೀರು ಬರುವ ಮನೆಯಲ್ಲಿ ಸಾಮಾನ್ಯ ಮೀನುಗಳಿಗಾಗಿ ಆರ್‌ಒ ಓಡಿಸಬೇಡಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ. ಓಡಿಸಲೇಬೇಕಾದವರು ವ್ಯರ್ಥ ನೀರಿನ ಕೊಳವೆಯ ಕೆಳಗೆ ಡ್ರಮ್ಮು ಇಡಲಿ. ಆ ನೀರು ನೆಲ ಒರೆಸಲು, ಶೌಚಾಲಯಕ್ಕೆ, ಅಂಗಳ ತೊಳೆಯಲು ಆಗುತ್ತದೆ. ಕುಂಡದ ಗಿಡಗಳಿಗೆ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಸೇರಿ ಎಲೆಯ ಅಂಚು ಸುಡುತ್ತದೆ. ನೀರು ಉಳಿಸುವ ಆಸೆಯಿಂದ ಆ ಕೊಳವೆಯ ತಿರುಪನ್ನು ಬಿಗಿ ಮಾಡಿದರೆ, ಗಡಸು ನೀರಿನ ಸುಣ್ಣವೆಲ್ಲ ಪೊರೆಯ ಮೇಲೆಯೇ ಕಟ್ಟಿಕೊಂಡು ಅದು ಬೇಗ ಹೋಗುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ಸಿಹಿನೀರಿನ ಗುಣ ಬೇರೆ. ನೈಟ್ರೇಟ್ ತುಂಬಿದ ಆ ನೀರು ಕರಿಬೇವಿಗೂ ದಾಸವಾಳಕ್ಕೂ ಗೊಬ್ಬರವೇ.

ಇಷ್ಟೆಲ್ಲ ಹೊರಗಿನ ಶುದ್ಧೀಕರಣವಾಯಿತು. ತೊಟ್ಟಿಯೊಳಗೆ ನಡೆಯುವುದು ಇದಕ್ಕಿಂತ ದೊಡ್ಡದು, ಮತ್ತು ಹೆಚ್ಚಿನ ಮೀನುಗಳು ಸಾಯುವುದು ಅದರ ಅರಿವಿಲ್ಲದೆ. ಮೀನು ತನ್ನ ಕಿವಿರಿನಿಂದ ಸದಾ ಅಮೋನಿಯಾ ಬಿಡುತ್ತಿರುತ್ತದೆ. ಅದರಲ್ಲಿ ವಿಷಕಾರಿಯಾದ ಭಾಗ ಪಿಎಚ್ ಏರಿದಂತೆ ಏರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಶೇ 1ಕ್ಕಿಂತ ಕಡಿಮೆ, 8 ಇದ್ದರೆ ಸುಮಾರು ಶೇ 5. ಬೋರ್‌ವೆಲ್ ನೀರು ಬಳಸುವವರು ಅಮೋನಿಯಾದ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕಾದ್ದು ಇದರಿಂದ. ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ನೆಲೆಸುತ್ತವೆ. ನಡುವಿನ ನೈಟ್ರೈಟ್ ಕೂಡ ಕ್ರೂರವೇ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಹೊರುವ ಶಕ್ತಿ ಇಲ್ಲದಂತೆ ಮಾಡಿ ರಕ್ತವನ್ನೇ ಕಂದು ಬಣ್ಣಕ್ಕೆ ತಿರುಗಿಸುತ್ತದೆ. ನೈಟ್ರೈಟ್ ಹಂತದ ಕೆಲಸ ನೈಟ್ರೊಬ್ಯಾಕ್ಟರ್‌ನದು ಎಂದು ಬಹುಕಾಲ ನಂಬಿದ್ದರು. ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರ ಎಂದು ತಿಮೋತಿ ಹೊವಾನೆಕ್ ಮತ್ತು ಜೊತೆಗಾರರು 1998ರಲ್ಲಿ ತೋರಿಸಿದರು. 2015ರಲ್ಲಿ ಎರಡೂ ಹಂತಗಳನ್ನು ಒಂದೇ ಜೀವಿ ಮಾಡಿ ಮುಗಿಸುವುದೂ ಗೊತ್ತಾಯಿತು. ಅಂಥ ನೈಟ್ರೊಸ್ಪೈರ ಸಿಕ್ಕ ಜಾಗಗಳಲ್ಲಿ ಒಂದು ಮೀನು ಸಾಕಣೆ ವ್ಯವಸ್ಥೆಯೊಂದರ ಫಿಲ್ಟರು.

ಈ ಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಭಾನುವಾರ ತೊಟ್ಟಿ ತಂದು, ಅಂದೇ ನೀರು ತುಂಬಿಸಿ, ಅಂದೇ ಮೀನು ಬಿಡುವ ಮನೆಗಳಲ್ಲಿ ಎರಡನೇ ವಾರಕ್ಕೆ ಸಾವು ಶುರುವಾಗುವುದು ಇದಕ್ಕೆ. ನೀರು ಎಷ್ಟು ಶುದ್ಧವಿದ್ದರೂ ತಡೆಯಲಾಗದು. ಮಕ್ಕಳು ಅಳುತ್ತಾರೆ, ದೊಡ್ಡವರು ಅಂಗಡಿಯವರನ್ನು ಬೈಯುತ್ತಾರೆ, ಮತ್ತೆ ಹೊಸ ಮೀನು ಬರುತ್ತದೆ. ಮೀನಿಲ್ಲದ ತೊಟ್ಟಿಗೆ ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟು, ಫಿಲ್ಟರ್ ಓಡಿಸಿ, ಅಮೋನಿಯಾ ಏರಿ ಇಳಿಯುವುದನ್ನೂ ಆಮೇಲೆ ನೈಟ್ರೈಟ್ ಏರಿ ಇಳಿಯುವುದನ್ನೂ ಪರೀಕ್ಷೆಯ ಹನಿಗಳಲ್ಲಿ ನೋಡಿ, ಎರಡೂ ಸೊನ್ನೆಯಾದ ಮೇಲೆ ಒಂದೆರಡು ಮೀನು ಬಿಟ್ಟರೆ ಈ ಸಾವುಗಳು ಇರುವುದಿಲ್ಲ. ಬೇಗ ಆಗಬೇಕೆಂದರೆ ಆರೋಗ್ಯವಾಗಿರುವ ಹಳೆಯ ತೊಟ್ಟಿಯಿಂದ ಒಂದು ತುಂಡು ಸ್ಪಂಜು ತಂದು ಹೊಸ ಫಿಲ್ಟರಿನಲ್ಲಿ ಇಡಬೇಕು, ಹಾಲಿಗೆ ಹೆಪ್ಪು ಹಾಕಿದಂತೆ. ಮಗುವಿಗೆ ಅಕ್ವೇರಿಯಂ ಕೊಡಿಸುವ ಅಪ್ಪ ಅಮ್ಮಂದಿರಲ್ಲಿ ನನ್ನ ಕಳಕಳಿಯ ಬೇಡಿಕೆ ಇದೊಂದೇ. ತೊಟ್ಟಿಯನ್ನು ಹುಟ್ಟುಹಬ್ಬಕ್ಕೆ ಕೊಡಿ, ಮೀನನ್ನು ಮುಂದಿನ ತಿಂಗಳು ಕೊಡಿ.

ತೊಟ್ಟಿಯೊಳಗೇ ನೀರು ಶುದ್ಧವಾಗುವುದನ್ನು ಮೊದಲು ಪ್ರಯೋಗವಾಗಿ ನೋಡಿದವರಲ್ಲಿ ಒಬ್ಬರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1849ರಲ್ಲಿ ಅವರು ಎರಡು ಗೋಲ್ಡ್‌ಫಿಷ್‌ಗಳನ್ನು ವ್ಯಾಲಿಸ್‌ನೇರಿಯ ಗಿಡದ ಜೊತೆ ಗಾಜಿನ ಪಾತ್ರೆಯಲ್ಲಿಟ್ಟರು. ಗಿಡ ಆಮ್ಲಜನಕ ಕೊಟ್ಟಿತು, ಆದರೆ ಕೊಳೆತ ಎಲೆಗಳಿಂದ ನೀರು ಕೆಡತೊಡಗಿತು. ಕೊಳದ ಬಸವನಹುಳುಗಳನ್ನು ಬಿಟ್ಟ ಮೇಲೆ ಅವು ಕೊಳೆತದ್ದನ್ನು ತಿಂದು ನೀರು ತಿಳಿಯಾಯಿತು. ಪಂಪೂ ಇಲ್ಲ, ಪೊರೆಯೂ ಇಲ್ಲ. ವ್ಯಾಲಿಸ್‌ನೇರಿಯ ನಮ್ಮ ಕೆರೆಗಳಲ್ಲೂ ಬೆಳೆಯುವ, ರಿಬ್ಬನ್ನಿನಂಥ ಎಲೆಯ ಸಾಮಾನ್ಯ ಗಿಡ. ಗಡಸು ನೀರಿನಲ್ಲಿ ಹುಲುಸಾಗಿ ಹಬ್ಬಿ, ನೈಟ್ರೇಟನ್ನೂ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಗಿಡದ ಜಾಗದಲ್ಲಿ ಅದನ್ನು ನೆಟ್ಟರೆ ನೀರಿಗೆ ಒಬ್ಬ ಕೆಲಸದಾಳು ಸಿಕ್ಕ ಹಾಗೆ.

ಫಿಲ್ಟರ್ ತೊಳೆಯುವ ವಿಚಾರದಲ್ಲಿ ನಮ್ಮ ಶುಚಿತ್ವದ ಅಭ್ಯಾಸವೇ ಅಡ್ಡ ಬರುತ್ತದೆ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಬಿಳಿ ನೀರು ಬರುವ ತನಕ ಹಿಂಡಿ, ಬಿಸಿಲಲ್ಲಿ ಒಣಗಿಸಿ ಹಾಕಿದರೆ ವಾರಗಟ್ಟಲೆ ಬೆಳೆದ ಬ್ಯಾಕ್ಟೀರಿಯಾ ಕ್ಲೋರಿನ್ನಿಗೂ ಬಿಸಿಲಿಗೂ ಸಾಯುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನ ಬಕೆಟ್ಟಿನಲ್ಲಿ ಎರಡು ಮೂರು ಸಲ ಹಿಂಡಬೇಕು, ಕಂದು ಬಣ್ಣ ಸ್ವಲ್ಪ ಉಳಿದಿರಲಿ. ಕಲ್ಲು ತೊಳೆದು, ಗಾಜು ಉಜ್ಜಿ, ಪೂರ್ತಿ ನೀರು ಬದಲಿಸಿ ಹಬ್ಬದ ಮನೆಯಂತೆ ಮಾಡುವುದು ಬೇಡವೇ ಬೇಡ. ವಾರಕ್ಕೆ ಕಾಲು ಭಾಗ ನೀರು, ಅದೂ ಹೆಚ್ಚುಕಡಿಮೆ ಅದೇ ಉಷ್ಣತೆಯದು, ಸಾಕು. ಕರೆಂಟು ಹೋದಾಗಲೂ ಈ ಜೀವಿಗಳ ನೆನಪಿರಲಿ. ನೀರು ಹರಿಯದ ಮುಚ್ಚಿದ ಫಿಲ್ಟರಿನಲ್ಲಿ ಆಮ್ಲಜನಕ ಬೇಗ ತೀರುತ್ತದೆ. ಗಂಟೆಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಬ್ಯಾಟರಿಯ ಗಾಳಿ ಪಂಪ್ ಆರ್‌ಒ ಯಂತ್ರಕ್ಕಿಂತ ಮುಂಚೆ ಮನೆಗೆ ಬರಬೇಕಾದ ವಸ್ತು.

ಯಂತ್ರದ ಡಬ್ಬಿಗಳಿಗೆ ಬರೋಣ. ಸೆಡಿಮೆಂಟ್ ಫಿಲ್ಟರ್ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ. ಪಾರದರ್ಶಕ ಡಬ್ಬಿಯಲ್ಲಿ ಅದು ಬಿಳಿಯಿಂದ ಕೆನೆ ಬಣ್ಣಕ್ಕೆ, ಅಲ್ಲಿಂದ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಟ್ಯಾಂಕರ್ ನೀರಿನ ಕಾಲದಲ್ಲಿ ಒಂದೇ ತಿಂಗಳಿಗೆ ಹಾಗಾಗಬಹುದು, ಹೊರಗಿನ ಪದರ ಬೆರಳಿಗೆ ಕೆಸರಿನಂತೆ ಅಂಟುತ್ತದೆ. ಇದ್ದಿಲು ಮಾತ್ರ ಯಾವ ಗುರುತನ್ನೂ ಕೊಡುವುದಿಲ್ಲ. ಮೊದಲ ದಿನವೂ ಕಪ್ಪು, ಸತ್ತ ದಿನವೂ ಕಪ್ಪು. ವ್ಯರ್ಥ ನೀರಿನ ಕೊಳವೆಯಿಂದ ಸ್ವಲ್ಪ ಹಿಡಿದು, ಈಜುಕೊಳದವರು ಬಳಸುವ ಕ್ಲೋರಿನ್ ಪರೀಕ್ಷೆಯ ಹನಿ ಹಾಕಿ ನೋಡಿ. ಹಳದಿ ಬಣ್ಣ ಬಂದರೆ ಕ್ಲೋರಿನ್ ಇದ್ದಿಲನ್ನು ದಾಟಿದೆ ಎಂದರ್ಥ, ಅಂದೇ ಬದಲಿಸಬೇಕು. ಪೊರೆ ಒಮ್ಮೆ ಒದ್ದೆಯಾದ ಮೇಲೆ ಒಣಗಬಾರದು. ಬೇಸಿಗೆ ರಜೆಗೆ ಊರಿಗೆ ಹೋಗುವವರು ಯಂತ್ರದ ನೀರು ಬಸಿಯದೆ ಹೋಗಲಿ, ಬಂದ ಮೇಲೆ ಮೊದಲ ಕೆಲವು ಲೀಟರ್ ಚೆಲ್ಲಲಿ. ಕಾರ್ಟ್ರಿಡ್ಜ್ ಬದಲಿಸುವಾಗ ಡಬ್ಬಿಯ ಬಾಯಿಯ ರಬ್ಬರ್ ಬಳೆಯನ್ನು ಒರೆಸಿ, ಮಡಿಕೆ ಬೀಳದಂತೆ ಕೂರಿಸಬೇಕು. ಬಹಳಷ್ಟು ಸೋರಿಕೆ ಶುರುವಾಗುವುದು ಆ ಬಳೆಯಿಂದ.

ಮಾರ್ಚ್ ಹೊತ್ತಿಗೆ ಬೋರ್‌ವೆಲ್ ಸೊರಗಿ ಟ್ಯಾಂಕರ್ ಬರಲು ಶುರುವಾದಾಗ ಪ್ರತಿ ಲೋಡಿನ ನೀರನ್ನೂ ಒಂದು ಲೋಟದಲ್ಲಿ ಹಿಡಿದು ಟಿಡಿಎಸ್, ಪಿಎಚ್, ನೈಟ್ರೇಟ್ ನೋಡಿ. ಮಾರುವವರೇ ಕ್ಲೋರಿನ್ ಹಾಕಿದ್ದರೂ ಹಾಕಿರಬಹುದು, ಅದನ್ನೂ ನೋಡಿ. ಹಿಂದಿನ ನೀರಿಗಿಂತ ಟಿಡಿಎಸ್ 100, 200 ಹೆಚ್ಚಿದ್ದರೆ ಒಂದೇ ಸಲಕ್ಕೆ ಕಾಲು ತೊಟ್ಟಿ ಬದಲಿಸದೆ, ಕೆಲವು ದಿನ ದಿನಕ್ಕೊಂದು ಸಣ್ಣ ಬಕೆಟ್ಟಿನಂತೆ ಬದಲಿಸುತ್ತ ಬನ್ನಿ. ಹಳೆಯ ನೀರು ಸಿಗುತ್ತಿದ್ದಾಗಲೇ ಮುಚ್ಚಳವಿರುವ ಒಂದು ಡ್ರಮ್ಮಿನಲ್ಲಿ ತುಂಬಿಸಿಟ್ಟಿದ್ದರೆ ಬೆರೆಸಲು ಅನುಕೂಲ. ಆ ವಾರಗಳಲ್ಲಿ ಮೀನಿಗೆ ಆಹಾರವನ್ನು ಅರ್ಧಕ್ಕೆ ಇಳಿಸಿ. ಕಡಿಮೆ ತಿಂದ ಮೀನು ಕಡಿಮೆ ಅಮೋನಿಯಾ ಬಿಡುತ್ತದೆ, ನೀರನ್ನೂ ಅಷ್ಟು ಬೇಗ ಬದಲಿಸಬೇಕಾಗುವುದಿಲ್ಲ.